ಆಕಾಶದಲ್ಲಿ ಪ್ರಶ್ನೋತ್ತರ

ಮಕ್ಕಳೇ, ಯಡೂರಿನ ಕೃಷ್ಣಾ ದಂಡೆಯಲ್ಲಿ ನಿಂತು ಮೇಲೆ ನೋಡಿದರೆ ಕೆಲವೊಮ್ಮೆ ವಿಮಾನ ಕಾಣಬಹುದು. ಅದು ಸುಮ್ಮನೆ ಹಾರುತ್ತಿಲ್ಲ, ಉತ್ತರ ಕೊಡುತ್ತ ಹಾರುತ್ತಿದೆ! ನೆಲದ ರಾಡಾರ್ ರೇಡಿಯೋ ಅಲೆಗಳಲ್ಲಿ 'ನೀನು ಯಾರು? ಎಷ್ಟು ಎತ್ತರದಲ್ಲಿರುವೆ?' ಎಂದು ಕೇಳುತ್ತದೆ. ವಿಮಾನದ 'ಟ್ರಾನ್ಸ್‌ಪಾಂಡರ್' ತಾನಾಗಿಯೇ ಉತ್ತರಿಸುತ್ತದೆ.

ವಿಮಾನಗಳು ಪರಸ್ಪರವೂ ಹೀಗೆ ಕೇಳಿಕೊಳ್ಳುತ್ತವೆ. ಉತ್ತರ ಬರಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ಡಿಕ್ಕಿಯ ಅಪಾಯವಿದ್ದರೆ 'ಟಿಕ್ಯಾಸ್' ಎಂಬ ಯಂತ್ರ ಒಬ್ಬ ಪೈಲಟ್‌ಗೆ 'ಏರು', ಇನ್ನೊಬ್ಬರಿಗೆ 'ಇಳಿ' ಎನ್ನುತ್ತದೆ. ಇಬ್ಬರಿಗೂ 'ಏರು' ಎಂದರೆ ಏನಾದೀತು? ಅದಕ್ಕೇ ಎರಡೂ ಯಂತ್ರಗಳು ಮೊದಲೇ ಮಾತಾಡಿಕೊಂಡಿರುತ್ತವೆ.

1996ರಲ್ಲಿ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ಬಳಿಕ ಭಾರತ ಟಿಕ್ಯಾಸ್ ಕಡ್ಡಾಯ ಮಾಡಿತು. 2018ರ ಜುಲೈ 10ರಂದು ಬೆಂಗಳೂರು ವಾಯುಪ್ರದೇಶದಲ್ಲಿ ಎರಡು ವಿಮಾನಗಳ ಎತ್ತರದ ಅಂತರ ಸುಮಾರು 200 ಅಡಿಯಷ್ಟೇ ಉಳಿದಿತ್ತು. ಟಿಕ್ಯಾಸ್ ಎಚ್ಚರಿಸಿತು. 300ಕ್ಕೂ ಹೆಚ್ಚು ಜನ ಸುರಕ್ಷಿತವಾಗಿ ನೆಲಕ್ಕಿಳಿದರು.