ಖೀಮಾ ಮೆಷಿನ್ ಒಳಗೆ ಏನಿದೆ? ಮನೆಯ ಸಾಸೇಜ್, ಹೋಟೆಲಿನ ಯಂತ್ರ ಮತ್ತು ಬ್ಯಾಕ್ಟೀರಿಯಾ

ಇವತ್ತಿನ ಸಂಚಿಕೆಗೆ ಕಾರಣ ಅಬುಧಾಬಿಯ ಮುಸಫ್ಫಾದಿಂದ ಬಂದ ಒಂದು ಪ್ರಶ್ನೆ. ಕೇಳಿದವರು ಶಾಬಿಯಾದಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಕರಾವಳಿಯವರು. ರಜೆಯ ದಿನ ಮನೆಯಲ್ಲೇ ಸಾಸೇಜ್ ಮಾಡ್ತಾರೆ, ಸೀಕ್ ಕಬಾಬಿಗೆ ಖೀಮಾ ಮಾಡ್ತಾರೆ, ಅಕ್ಕಪಕ್ಕದ ಮಕ್ಕಳೂ ಬಂದು ತಿಂತಾರೆ. ಈಗ ಮುಚ್ಚಿದ ಹೋಟೆಲೊಂದರ 22ನೇ ನಂಬರಿನ ಮಿನ್ಸರ್ ಕಡಿಮೆ ಬೆಲೆಗೆ ಸಿಗ್ತಾ ಇದೆಯಂತೆ. ತಗೊಳ್ಳಬಹುದಾ, ತಗೊಂಡರೆ ಹೇಗೆ ನೋಡಿಕೊಳ್ಳಬೇಕು ಅನ್ನೋದು ಪ್ರಶ್ನೆ.

ಮುಸಫ್ಫಾ ನೋಡದವರಿಗೆ ಒಂದು ಮಾತು. ಅಬುಧಾಬಿ ದ್ವೀಪದ ಸೇತುವೆ ದಾಟಿ ಮುಖ್ಯನೆಲಕ್ಕೆ ಬಂದರೆ ಸಿಗುವ ದೊಡ್ಡ ಕೈಗಾರಿಕಾ ಪ್ರದೇಶ ಅದು. ಎಂ ಅಕ್ಷರದ ಮುಂದೆ ನಂಬರ್ ಹೊತ್ತ ಬ್ಲಾಕುಗಳು, ಸಾಲು ಸಾಲು ಗ್ಯಾರೇಜು, ವೆಲ್ಡಿಂಗ್ ಶೆಡ್ಡು, ಬಿಡಿಭಾಗದ ಅಂಗಡಿ. ಇಂಥ ಕಡೆ ಹಳೇ ಯಂತ್ರ ಸಿಗೋದೂ ಸುಲಭ, ರಿಪೇರಿ ಮಾಡೋ ಕೈಗಳು ಸಿಗೋದೂ ಸುಲಭ. ಆದರೆ ಖೀಮಾ ಮೆಷಿನ್ ಅನ್ನೋದು ಬರೀ ಮೋಟಾರು, ಗೇರು ಅಲ್ಲ. ಅದರಲ್ಲಿ ಜೀವವಿಜ್ಞಾನವೂ ಇದೆ. ಅದನ್ನು ಮೊದಲು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಹೊಳೆಯುತ್ತೆ.

ಒಂದು ಇಡೀ ಮಾಂಸದ ತುಂಡನ್ನು ಕಲ್ಪಿಸಿಕೊಳ್ಳಿ. ಆರೋಗ್ಯವಂತ ಪ್ರಾಣಿಯ ಸ್ನಾಯುವಿನ ಒಳಭಾಗದಲ್ಲಿ ಬ್ಯಾಕ್ಟೀರಿಯಾ ಇರೋದಿಲ್ಲ ಅಂತಲೇ ಹೇಳಬಹುದು. ಚರ್ಮ ಸುಲಿಯುವಾಗ, ಕರುಳು ತೆಗೆಯುವಾಗ, ಕತ್ತಿ, ಕೈ, ಹಲಗೆ ತಾಗಿದಾಗ ಅವು ಅಂಟಿಕೊಳ್ಳುವುದು ಹೊರಮೈಗೆ. ಹಾಗಾಗಿ ಇಡೀ ತುಂಡನ್ನು ಕಾವಲಿಯ ಮೇಲೆ ಸುಟ್ಟರೆ, ಹೆಚ್ಚಿನ ಅಪಾಯ ಇರುವ ಹೊರಮೈಗೇ ಮೊದಲು ಬಿಸಿ ತಟ್ಟುತ್ತೆ.

ಈಗ ಅದೇ ತುಂಡನ್ನು ಖೀಮಾ ಮಾಡಿ. ಹೊರಗಿದ್ದದ್ದು ಒಳಗೆ ಹೋಯಿತು. ಖೀಮಾದಲ್ಲಿ ಹೊರಮೈ, ಒಳಮೈ ಅನ್ನುವ ಭೇದವೇ ಉಳಿಯುವುದಿಲ್ಲ. ಮೆಷಿನ್ ಒಳಗೆ ಮಾಂಸ ಮುಟ್ಟುವ ಪ್ರತಿಯೊಂದು ಜಾಗವೂ, ಅಲ್ಲಿ ಹಿಂದಿನ ವಾರದಿಂದ ಏನಾದರೂ ಉಳಿದಿದ್ದರೆ ಅದೂ, ಸಾಸೇಜಿನ ನಟ್ಟನಡುವೆ ಸೇರಿಕೊಳ್ಳುತ್ತೆ. ಇವತ್ತಿನ ಸಂಚಿಕೆಯ ತಿರುಳು ಇಷ್ಟೇ.

ಇದು ಬರೀ ಪುಸ್ತಕದ ಭಯ ಅಲ್ಲ. 1993ರ ಆರಂಭದಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಜ್ಯಾಕ್ ಇನ್ ದ ಬಾಕ್ಸ್ ಎಂಬ ಹೋಟೆಲ್ ಸರಣಿಯ ಹ್ಯಾಂಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 4 ಮಕ್ಕಳು ತೀರಿಕೊಂಡರು. ಕಾರಣ ಇ. ಕೋಲೈ ಒ157:ಎಚ್7 ಎಂಬ ತಳಿ. ಇದು ಬಿಡುವ ವಿಷ ಚಿಕ್ಕ ಮಕ್ಕಳ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಮಾಂಸದಲ್ಲಿ ಆ ತಳಿ ಇತ್ತು, ಬರ್ಗರಿನ ನಡುಭಾಗ ಸಾಕಷ್ಟು ಬೆಂದಿರಲಿಲ್ಲ. ಮರುವರ್ಷ, 1994ರಲ್ಲಿ, ಹಸಿ ಖೀಮಾದಲ್ಲಿ ಈ ತಳಿ ಸಿಕ್ಕರೆ ಅದು ಕಲಬೆರಕೆ ಮಾಲು, ಮಾರುವ ಹಾಗಿಲ್ಲ ಅಂತ ಅಮೆರಿಕದ ಕೃಷಿ ಇಲಾಖೆ ಹೇಳಿತು.

ಎರಡನೇ ಘಟನೆ ನೇರವಾಗಿ ಯಂತ್ರಕ್ಕೇ ಸಂಬಂಧಪಟ್ಟದ್ದು. 2008ರಲ್ಲಿ ಕೆನಡಾದಲ್ಲಿ ಮೇಪಲ್ ಲೀಫ್ ಕಂಪನಿಯ ಟೊರಾಂಟೊ ಕಾರ್ಖಾನೆಯ ಮಾಂಸದಿಂದ ಲಿಸ್ಟೀರಿಯಾ ಹರಡಿ 20ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಯಂತ್ರಗಳನ್ನು ತೊಳೆಯದೇ ಬಿಟ್ಟಿರಲಿಲ್ಲ, ತೊಳೆಯುತ್ತಲೇ ಇದ್ದರು. ಆದರೂ ಮಾಂಸ ಹೆಚ್ಚುವ ಯಂತ್ರದ ಆಳದಲ್ಲಿ, ದಿನನಿತ್ಯದ ತೊಳೆತ ತಲುಪದ ಜಾಗದಲ್ಲಿ, ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿತ್ತು. ಅದೇ ಮೂಲ ಇರಬೇಕು ಅಂತ ಕಂಪನಿಯೇ ಹೇಳಿತು. ಲಿಸ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತೆ. ವಯಸ್ಸಾದವರಿಗೆ ಅಪಾಯ, ಬಸುರಿಯರಲ್ಲಿ ಗರ್ಭಪಾತಕ್ಕೂ ಕಾರಣವಾಗಬಹುದು.

ಕಾಣದ ಜಾಗದಲ್ಲಿ ಅದು ಉಳಿದುಕೊಳ್ಳೋದು ಹೇಗೆ? ಬ್ಯಾಕ್ಟೀರಿಯಾಗಳು ಲೋಹದ ಮೇಲೆ ಅಂಟಿ ಕೂತು, ತಮ್ಮ ಸುತ್ತ ಲೋಳೆಯಂಥ ಪದರ ಕಟ್ಟಿಕೊಳ್ಳುತ್ತವೆ. ಇದನ್ನೇ ಬಯೋಫಿಲ್ಮ್ ಅಂತೀವಿ. ಕೆರೆಯ ಮೆಟ್ಟಿಲ ಮೇಲಿನ ಪಾಚಿಯ ಜಾರಿಕೆ ನೆನಪಿದೆಯಲ್ಲ, ಹೆಚ್ಚುಕಡಿಮೆ ಅದೇ ಕತೆ. ಈ ಲೋಳೆ ನೀರು ಸುರಿದರೆ ಹೋಗುವುದಿಲ್ಲ, ಔಷಧಿಯನ್ನೂ ಸುಲಭವಾಗಿ ಒಳಗೆ ಬಿಡುವುದಿಲ್ಲ. ಸೋಪು ಹಾಕಿ ಬ್ರಷ್ಷಿನಿಂದ ಉಜ್ಜಲೇಬೇಕು. ಉಜ್ಜಬೇಕಾದರೆ ಕೈ ತಲುಪಬೇಕು.

ಈಗ ಯಂತ್ರಕ್ಕೆ ಬರೋಣ. ಚಕ್ಕುಲಿ ಒರಳು ಗೊತ್ತಲ್ಲ, ಹಿಟ್ಟನ್ನು ಒತ್ತಿದರೆ ತೂತಿನ ಬಿಲ್ಲೆಯಿಂದ ಎಳೆಯಾಗಿ ಹೊರಬರುತ್ತೆ. ಖೀಮಾ ಮೆಷಿನ್ ಒಂದು ರೀತಿಯಲ್ಲಿ ಮೋಟಾರು ಹಾಕಿದ ಚಕ್ಕುಲಿ ಒರಳು. ಮೇಲೆ ಮಾಂಸ ಹಾಕುವ ತಟ್ಟೆ, ಒಳಗೆ ಮಾಂಸವನ್ನು ಮುಂದೆ ತಳ್ಳುವ ಸ್ಕ್ರೂ, ಅದರ ತುದಿಯಲ್ಲಿ ನಾಲ್ಕು ಅಲಗಿನ ಚಾಕು, ಚಾಕುವಿಗೆ ತಾಗಿಕೊಂಡು ತೂತಿನ ಪ್ಲೇಟು, ಎಲ್ಲವನ್ನೂ ಹಿಡಿದಿಡುವ ರಿಂಗು. ನಂಬರ್ ಅನ್ನೋದು ಈ ಪ್ಲೇಟಿನ ಅಳತೆ: 12 ಅಂದರೆ ಅಡ್ಡಗಲ ಸುಮಾರು 70 ಮಿಲಿಮೀಟರ್, 22 ಅಂದರೆ ಸುಮಾರು 82, 32 ಅಂದರೆ 100ರ ಹತ್ತಿರ.

ದೊಡ್ಡ ಮೆಷಿನ್‌ಗೆ ನಿಜವಾದ ಲಾಭ ಇದೆ. ಚಿಕ್ಕ ಮನೆಯ ಮೆಷಿನ್‌ನಲ್ಲಿ 5 ಕಿಲೋ ಮಾಂಸ ನಿಧಾನವಾಗಿ ತಿಕ್ಕಾಡಿಕೊಂಡು ಬಿಸಿಯಾಗುತ್ತಾ ಹೋಗುತ್ತೆ. 22ರಲ್ಲಿ ಕೆಲವೇ ನಿಮಿಷದ ಕೆಲಸ, ಮಾಂಸ ತಣ್ಣಗೇ ಹೊರಬರುತ್ತೆ. ನಷ್ಟವೂ ಇದೆ. ದೊಡ್ಡ ಗಂಟಲಿನಲ್ಲಿ, ಸ್ಕ್ರೂವಿನ ಸುತ್ತ, ಕೊನೆಯಲ್ಲಿ ಹೆಚ್ಚು ಮಾಂಸ ಉಳಿಯುತ್ತೆ. ಭಾಗಗಳು ಭಾರ, ಮನೆಯ ಸಿಂಕಿನಲ್ಲಿ ಹಿಡಿಸೋದು ಕಷ್ಟ. ಕಷ್ಟ ಅನ್ನಿಸಿದ ಕೆಲಸ ದಿನ ಕಳೆದಂತೆ ಅರ್ಧಂಬರ್ಧ ಆಗುತ್ತೆ. ಅದಕ್ಕೇ ಕೊಳ್ಳುವ ಮುಂಚೆ ಮೋಟಾರಿನ ಸದ್ದು ಕೇಳುವುದಕ್ಕಿಂತ ಮೊದಲು ಅಂಗಡಿಯವರಿಗೆ "ಪೂರ್ತಿ ಬಿಚ್ಚಿ ತೋರಿಸಿ" ಅನ್ನಿ.

ಬಿಚ್ಚಿದಾಗ ನೋಡಬೇಕಾದದ್ದು ಇವು. ಮಾಂಸ ಹೋಗುವ ಗಂಟಲಿನ ಭಾಗ ಮೋಟಾರಿನಿಂದ ಪೂರ್ತಿ ಬೇರೆಯಾಗಿ ಸಿಂಕಿಗೆ ಬರುತ್ತದಾ? ಬರದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಒಳಮೈ ಸ್ಟೇನ್‌ಲೆಸ್ ಸ್ಟೀಲಾ, ಅಥವಾ ತವರದ ಲೇಪ ಹಾಕಿದ ಬೀಡುಕಬ್ಬಿಣವಾ? ಲೇಪ ಸವೆದು ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಆ ಗುಳಿಯೇ ಬ್ಯಾಕ್ಟೀರಿಯಾದ ಮನೆ, ಯಾವ ಬ್ರಷ್ಷೂ ಅಲ್ಲಿಗೆ ಇಳಿಯುವುದಿಲ್ಲ. ಸ್ಕ್ರೂವಿನ ಹಿಂಭಾಗದಲ್ಲಿ, ಅದು ಗೇರಿಗೆ ಸೇರುವ ಕಡೆ, ಒಂದು ವಾಷರ್ ಅಥವಾ ಸೀಲ್ ಇರುತ್ತೆ. ಅದು ಸವೆದಿದ್ದರೆ ಮಾಂಸದ ರಸ ಹಿಂದಕ್ಕೆ ಸೋರಿ ಶಾಫ್ಟಿನ ಸುತ್ತ ಕೂರುತ್ತೆ, ಗೇರಿನ ಎಣ್ಣೆ ಮುಂದಕ್ಕೆ ಸೋರಿ ಮಾಂಸಕ್ಕೆ ಬರುತ್ತೆ. ಬೆರಳು ಆಡಿಸಿ ಮೂಸಿ ನೋಡಿ. ಇಂಥ ಸೀಲ್ ಬದಲಾಯಿಸಬಹುದು, ಬದಲಾಯಿಸಿಯೇ ಬಳಸಬೇಕು.

ಕರೆಂಟಿನ ಮಾತು. ಹೋಟೆಲಿನ ದೊಡ್ಡ ಯಂತ್ರಗಳು ಕೆಲವೊಮ್ಮೆ ತ್ರೀ ಫೇಸ್ ಇರುತ್ತವೆ, ಫ್ಲ್ಯಾಟಿನ ಮಾಮೂಲಿ ಸಾಕೆಟ್ಟಿಗೆ ಅವು ಆಗುವುದಿಲ್ಲ. ಎಮಿರೇಟ್ಸಿನ ಮನೆಯ ಕರೆಂಟು 230 ವೋಲ್ಟ್, 50 ಹರ್ಟ್ಸ್, ಮೂರು ಚೌಕ ಕಡ್ಡಿಯ ಪ್ಲಗ್ಗು. ಒಂದು ಅಶ್ವಶಕ್ತಿ ಅಂದರೆ 746 ವ್ಯಾಟ್, ಆದರೆ ಮೋಟಾರು ಶುರುವಾಗುವಾಗ ಅದರ ಹಲವು ಪಟ್ಟು ಎಳೆಯುತ್ತೆ. ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕದೆ ಗೋಡೆಯ ಸಾಕೆಟ್ಟಿಗೇ ಹಾಕಿ. ಒದ್ದೆ ಕೈ, ಲೋಹದ ಮೈ ಎರಡೂ ಇರುವಲ್ಲಿ ಅರ್ಥಿಂಗ್ ಇಲ್ಲದೆ ಕೆಲಸವೇ ಬೇಡ. ತಳ್ಳಲು ಕೊಟ್ಟ ಕೋಲೇ ಬೇಕು, ಬೆರಳು ಬೇಡ. ಬಿಚ್ಚುವ ಮುಂಚೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ.

ಇನ್ನು ಚಾಕುವಿನ ಚೂಪು. ಇದು ಬರೀ ಅನುಕೂಲದ ವಿಷಯ ಅಲ್ಲ. ಚೂಪಾದ ಚಾಕು ಕೊಬ್ಬನ್ನು ಕತ್ತರಿಸುತ್ತೆ, ಮೊಂಡು ಚಾಕು ಅರೆಯುತ್ತೆ. ಅರೆದ ಕೊಬ್ಬು ಬಿಸಿಯಾಗಿ ಮಾಂಸದ ಎಳೆಗಳ ಮೇಲೆ ಬಳಿದುಕೊಳ್ಳುತ್ತೆ. ಸಾಸೇಜ್ ಗಟ್ಟಿಯಾಗಿ ಹಿಡಿದುಕೊಳ್ಳೋದು ಯಾಕೆ ಗೊತ್ತಾ? ಉಪ್ಪು ಹಾಕಿ ಕಲಸಿದಾಗ ಸ್ನಾಯುವಿನಿಂದ ಮಯೋಸಿನ್ ಎಂಬ ಪ್ರೋಟೀನು ಹೊರಬಂದು ಅಂಟಿನಂತೆ ಕೆಲಸ ಮಾಡುತ್ತೆ. ಕಿಲೋಗೆ 15ರಿಂದ 20 ಗ್ರಾಂ ಉಪ್ಪು ಸಾಮಾನ್ಯ ಅಳತೆ. ಕೊಬ್ಬು ಬಳಿದುಕೊಂಡರೆ ಆ ಅಂಟು ಹಿಡಿಯುವುದಿಲ್ಲ. ಬೇಯಿಸಿದಾಗ ಕೊಬ್ಬೆಲ್ಲ ಸೋರಿ ಪುಡಿಪುಡಿ ಸಾಸೇಜ್ ಉಳಿಯುತ್ತೆ. ಪ್ಲೇಟಿನಿಂದ ಕೆಂಪು ಬಿಳಿ ಎಳೆ ಬೇರೆ ಬೇರೆ ಕಾಣುತ್ತಿದ್ದರೆ ಚಾಕು ಸರಿಯಿದೆ. ಮಸುಕು ಗುಲಾಬಿ ಪೇಸ್ಟಿನಂತೆ ಬಂದರೆ ನಿಲ್ಲಿಸಿ, ಬಿಚ್ಚಿ ನೋಡಿ. ಚಾಕುವಿಗೆ ನಾರು ಸುತ್ತಿಕೊಂಡಿರಬಹುದು, ಚಾಕು ತಿರುಗುಮುರುಗಾಗಿ ಕೂತಿರಬಹುದು. ಅಲಗಿನ ಚಪ್ಪಟೆ ಮೈ ಯಾವಾಗಲೂ ಪ್ಲೇಟಿನ ಕಡೆಗೇ ಇರಬೇಕು. ಒಂದು ಚಾಕು, ಒಂದು ಪ್ಲೇಟು ಜೊತೆಯಾಗಿ ಸವೆದು ಹೊಂದಿಕೊಳ್ಳುತ್ತವೆ, ಹಾಗಾಗಿ ಜೋಡಿ ಬದಲಿಸಬೇಡಿ. ಮಾಂಸ ಇಲ್ಲದೆ ಓಡಿಸಲೂಬೇಡಿ, ಲೋಹಕ್ಕೆ ಲೋಹ ತಿಕ್ಕಿ ಪುಡಿ ಉದುರುತ್ತೆ.

ತಂಪಿನ ವಿಷಯದಲ್ಲಿ ಗಲ್ಫಿನವರು ಊರಿನವರಿಗಿಂತ ಹೆಚ್ಚು ಎಚ್ಚರ ಇರಬೇಕು. ಬೇಸಿಗೆಯಲ್ಲಿ ಹೊರಗೆ 45 ಡಿಗ್ರಿ, ತಾರಸಿಯ ಟ್ಯಾಂಕಿನಿಂದ ಬರುವ ತಣ್ಣೀರು ನಲ್ಲಿಯಲ್ಲೂ ಬಿಸಿನೀರು. ಆ ನೀರಿನಲ್ಲಿ ಮಾಂಸ ತೊಳೆದು ತಂಪು ಮಾಡಿದೆವು ಅಂದುಕೊಳ್ಳೋ ಹಾಗಿಲ್ಲ. ಒಳ್ಳೆಯ ಬಿಸಿ, ತೇವ, ಆಹಾರ ಸಿಕ್ಕರೆ ಇ. ಕೋಲೈ 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತೆ. ಲೆಕ್ಕ ಹಾಕಿ, 4 ಗಂಟೆಯಲ್ಲಿ ಒಂದು 4,096 ಆಗುತ್ತೆ. ಎಸಿ ಹಾಕಿದ ಕೋಣೆಯಲ್ಲಿ ಈ ಓಟ ನಿಧಾನ, ಆದರೆ ನಿಲ್ಲುವುದಿಲ್ಲ. ಅದಕ್ಕೇ ಮಾಂಸವನ್ನು ಕತ್ತರಿಸಿ, ಹರಡಿ, ಅಂಚು ಗಟ್ಟಿಯಾಗುವವರೆಗೆ ಫ್ರೀಜರಿನಲ್ಲಿಡಿ. ಗಂಟಲು, ಸ್ಕ್ರೂ, ಚಾಕು, ಪ್ಲೇಟನ್ನೂ ಅರ್ಧ ಗಂಟೆ ಅಲ್ಲೇ ಇಡಿ. ಖೀಮಾ 4 ಡಿಗ್ರಿಯ ಒಳಗೇ ಇರಲಿ. ಬಕ್ರೀದಿನಂದು ಕಸಾಯಿಖಾನೆಯಿಂದ ಬಂದ ಮಾಂಸ ಇನ್ನೂ ಬೆಚ್ಚಗಿರುತ್ತೆ. ಅದನ್ನು ಅವತ್ತೇ ಮೆಷಿನ್‌ಗೆ ಹಾಕದೆ, ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟು ಮರುದಿನ ಮಾಡಿ.

ಈಗ ತೊಳೆಯುವ ಕ್ರಮ. ಕೆಲಸ ಮುಗಿದ ಕೂಡಲೇ ತೊಳೆಯಿರಿ, ಊಟ ಆದಮೇಲೆ ಅಂತ ಬಿಡಬೇಡಿ. ಕೊನೆಯಲ್ಲಿ ಒಂದು ತುಂಡು ಬ್ರೆಡ್ ಹಾಕಿ ಓಡಿಸುವವರಿದ್ದಾರೆ. ಅದು ಉಳಿದ ಮಾಂಸವನ್ನು ಮುಂದೆ ತಳ್ಳುತ್ತೆ ಅಷ್ಟೇ, ತೊಳೆದ ಹಾಗಲ್ಲ. ಪ್ರತಿಯೊಂದು ಭಾಗವನ್ನೂ ಬಿಚ್ಚಿ, ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ನೇರವಾಗಿ ಕುದಿಯುವ ನೀರು ಹಾಕಿದರೆ ಮೊಟ್ಟೆ ಬೆಂದ ಹಾಗೆ ಮಾಂಸದ ಪ್ರೋಟೀನು ಲೋಹಕ್ಕೇ ಬೆಂದು ಅಂಟಿಕೊಳ್ಳುತ್ತೆ. ಆಮೇಲೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಬ್ರಷ್ಷು. ಗಂಟಲಿನ ಒಳಗೆ ಬಾಟಲಿ ಬ್ರಷ್ಷು, ಪ್ಲೇಟಿನ ಪ್ರತಿ ತೂತಿಗೂ ಸಣ್ಣ ಬ್ರಷ್ಷು. ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲ ತೂತಿನಲ್ಲೂ ಬೆಳಕು ಕಾಣಬೇಕು. ಅಲ್ಯುಮಿನಿಯಂ ಭಾಗಗಳನ್ನು ಡಿಶ್‌ವಾಷರಿಗೆ ಹಾಕಬೇಡಿ, ಅದರ ಕ್ಷಾರಕ್ಕೆ ಕಪ್ಪಾಗಿ ಬೂದಿಯಂತೆ ಕೈಗೆ ಹತ್ತುತ್ತವೆ.

ಸೋಪು ಹೋದಮೇಲೆ ಕ್ಲೋರಿನ್. ಯಾವ ಪರಿಮಳವೂ ಇಲ್ಲದ, 5 ಶೇಕಡಾ ಶಕ್ತಿಯ ಬ್ಲೀಚ್ ಆದರೆ ಒಂದು ಲೀಟರ್ ತಣ್ಣೀರಿಗೆ 4 ಮಿಲಿ ಸಾಕು. ಅದು ಸುಮಾರು ಹತ್ತು ಲಕ್ಷಕ್ಕೆ 200 ಭಾಗ ಆಗುತ್ತೆ. ಬಾಟಲಿಯ ಮೇಲಿನ ಶಕ್ತಿ ಬೇರೆ ಇದ್ದರೆ ಲೆಕ್ಕವೂ ಬೇರೆ. ಎರಡು ನಿಮಿಷ ಅದ್ದಿ ತೆಗೆಯಿರಿ. ರಾತ್ರಿಯೆಲ್ಲ ನೆನೆಸಿಟ್ಟರೆ ಸ್ಟೀಲಿಗೇ ಗುಳಿ ಬೀಳುತ್ತೆ. ವಿನಿಗರ್ ಜೊತೆ ಬೆರೆಸಲೇಬೇಡಿ, ವಿಷಾನಿಲ ಬರುತ್ತೆ. ಮೊದಲು ಉಜ್ಜದೆ ಕ್ಲೋರಿನ್ ಹಾಕಿದರೆ ಅದು ಕೊಬ್ಬು, ಪ್ರೋಟೀನಿನ ಮೇಲೇ ಖರ್ಚಾಗಿ ಬ್ಯಾಕ್ಟೀರಿಯಾಕ್ಕೆ ತಲುಪುವುದಿಲ್ಲ. ಆಮೇಲೆ ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಿಸಿ. ಅಡುಗೆಮನೆಯ ಒರೆಸುವ ಬಟ್ಟೆಯಷ್ಟು ಕೊಳಕು ಇನ್ನೊಂದಿಲ್ಲ. ಪೂರ್ತಿ ಒಣಗಿದ ಚಾಕು, ಪ್ಲೇಟಿಗೆ ಆಹಾರ ದರ್ಜೆಯ ಮಿನರಲ್ ಆಯಿಲ್ ತೆಳುವಾಗಿ ಸವರಿ. ಅಡುಗೆ ಎಣ್ಣೆ ದಿನ ಕಳೆದಂತೆ ಜಿಗುಟಾಗಿ ಕಮಟುತ್ತೆ.

ಇಷ್ಟೆಲ್ಲ ಮಾಡಿದರೂ ಹಸಿ ಮಾಂಸದಲ್ಲೇ ಬಂದ ಬ್ಯಾಕ್ಟೀರಿಯಾ ಹೋಗುವುದಿಲ್ಲ. ಅದಕ್ಕಿರುವುದು ಬೆಂಕಿ. ದನ, ಕುರಿಯ ಖೀಮಾ ಸಾಸೇಜಿನ ನಡುಭಾಗ 71 ಡಿಗ್ರಿ, ಕೋಳಿಯದಾದರೆ 74 ಡಿಗ್ರಿ ಮುಟ್ಟಬೇಕು. ಬಣ್ಣ ನೋಡಿ ತೀರ್ಮಾನಿಸಬೇಡಿ, ಚುಚ್ಚಿ ನೋಡುವ ಥರ್ಮಾಮೀಟರ್ ಇಟ್ಟುಕೊಳ್ಳಿ.

ಇನ್ನೊಂದು ಗಡಿ ಹೇಳಲೇಬೇಕು. ಈ ಸಂಚಿಕೆ ತಾಜಾ ಸಾಸೇಜಿನದ್ದು: ಅವತ್ತೇ ಬೇಯಿಸಿ, ಇಲ್ಲವೇ ಫ್ರೀಜರಿಗೆ ಹಾಕಿ. ವಾರಗಟ್ಟಲೆ ನೇತುಹಾಕಿ ಒಣಗಿಸುವ ಸಾಸೇಜ್ ಬೇರೆಯೇ ವಿದ್ಯೆ. ಬೊಟುಲಿಸಮ್ ಎಂಬ ಕಾಯಿಲೆಯ ಹೆಸರೇ ಸಾಸೇಜಿಗಿರುವ ಲ್ಯಾಟಿನ್ ಪದದಿಂದ ಬಂದದ್ದು. 1820ರ ಸುಮಾರಿಗೆ ಜರ್ಮನಿಯ ವೈದ್ಯ ಯುಸ್ಟಿನಸ್ ಕೆರ್ನರ್ ಈ ಸಾಸೇಜ್ ವಿಷವನ್ನು ವಿವರವಾಗಿ ದಾಖಲಿಸಿದ. ಗಾಳಿ ಇಲ್ಲದ ಸಾಸೇಜಿನ ಒಳಗೆ ಅದನ್ನು ತಡೆಯಲು ನೈಟ್ರೈಟ್ ಉಪ್ಪು, ಕರಾರುವಾಕ್ಕಾದ ತೂಕ, ತೇವದ ನಿಯಂತ್ರಣ ಬೇಕು. ನೈಟ್ರೈಟ್ ಹೆಚ್ಚಾದರೆ ಅದೇ ವಿಷ. ಅಂದಾಜಿನ ಮೇಲೆ ಮಾಡುವ ಕೆಲಸ ಅದಲ್ಲ. ಹಾಗೆಯೇ ಮನೆಯವರಿಗೆ ಬಡಿಸುವುದು ಬೇರೆ, ದುಡ್ಡಿಗೆ ಮಾರುವುದು ಬೇರೆ. ಮಾರಾಟ ಅಂದಕೂಡಲೇ ಪರವಾನಗಿ ಬೇಕು, ಅಬುಧಾಬಿಯ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಗಳು ಅನ್ವಯಿಸುತ್ತವೆ.

ಕೊನೆಗೆ ಒಂದು ಸರಳ ಪರೀಕ್ಷೆ, ನೀವು ದುಬೈಯಲ್ಲಿರಿ, ಮಂಗಳೂರಿನಲ್ಲಿರಿ, ಡಲ್ಲಾಸಿನಲ್ಲಿರಿ. ಬಿಚ್ಚುವುದು, ಉಜ್ಜುವುದು, ಅದ್ದುವುದು, ಒಣಗಿಸುವುದು, ಇದಕ್ಕೆ ಸುಮಾರು ಮುಕ್ಕಾಲು ಗಂಟೆ ಹಿಡಿಯುತ್ತೆ ಅಂದುಕೊಳ್ಳಿ. ಪ್ರತಿ ಸಲ, ಎಷ್ಟೇ ಸುಸ್ತಾಗಿದ್ದರೂ, ಆ ಮುಕ್ಕಾಲು ಗಂಟೆ ಕೊಡುತ್ತೀರಾದರೆ ದೊಡ್ಡ ಮೆಷಿನ್ ಇಟ್ಟುಕೊಳ್ಳಿ, ಚೆನ್ನಾಗಿ ನೋಡಿಕೊಂಡರೆ ಬಹಳ ವರ್ಷ ಬಾಳುತ್ತೆ. ಕೊಡಲಾಗದಿದ್ದರೆ ಸುಲಭವಾಗಿ ತೊಳೆಯಲಾಗುವ ಚಿಕ್ಕದೇ ಸಾಕು. ನಿಮ್ಮ ಅಡುಗೆಮನೆಯ ಇನ್ಯಾವ ಯಂತ್ರದ ಒಳಗನ್ನು ನಾವು ಬಿಚ್ಚಿ ನೋಡಬೇಕು ಅಂತ ಬರೆದು ತಿಳಿಸಿ.