ಶರ್ಟಿಗಿಂತ ಮೊದಲು ಜಾಗ

ಭಾನುವಾರ ಆ ಹುಡುಗೀನ ಮೊದಲ ಸಲ ಭೇಟಿ ಮಾಡೋಕೆ ಹೊರಟಿದ್ದೀಯ. ಏನು ಹಾಕ್ಕೊಳ್ಳಲಿ ಅತ್ತೆ ಅಂತ ಕೇಳಿದೆ. ಎಲ್ಲಿ ಸಿಗ್ತೀರಿ ಅನ್ನೋದು ಮೊದಲು ತೀರ್ಮಾನ ಆಗಲಿ ಕಣೋ, ಬಟ್ಟೆ ಮಾತು ಆಮೇಲೆ.

ವಿದ್ಯಾರ್ಥಿ ಭವನ ಅಂದೆಯಲ್ಲ, ಬೇಡ. 1943ರಿಂದ ಗಾಂಧಿ ಬಜಾರಿನಲ್ಲಿರೋ ಆ ಹೋಟೆಲಿನ ದೋಸೆ ಬಗ್ಗೆ ನನ್ನ ತಕರಾರಿಲ್ಲ. ಆದರೆ ರಜಾ ದಿನ ಬಾಗಿಲಾಚೆ ಜನ ಕಾಯ್ತಾ ನಿಂತಿರ್ತಾರೆ, ಅದೇ ಮೇಜಿಗೆ ಗುರುತಿಲ್ಲದವರು ಬಂದು ಕೂತಿರ್ತಾರೆ. ಅವಳು ನಿಮ್ಮ ಊರು ಯಾವುದು ಅನ್ನೋಷ್ಟರಲ್ಲಿ ತಟ್ಟೆ ಖಾಲಿಯಾಗಿ ಏಳಬೇಕಾಗುತ್ತೆ. ಲಾಲ್‌ಬಾಗ್‌ಗೆ ಹೋಗಿ. 240 ಎಕರೆ ಇದೆ, ನಡೀತಾ ಮಾತಾಡಬಹುದು. ಎದುರುಬದುರು ಕೂತು ಮಾತು ಹುಡುಕೋ ಸಂಕಟ ಇಲ್ಲ. ಮಾತು ನಿಂತರೆ ಮರ ಇದೆ, ಗಾಜಿನ ಮನೆ ಇದೆ. ಕೆಂಪೇಗೌಡ ಗೋಪುರದ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂತ ಬೇಕಾದರೆ ಹೇಳು. ಒಂದೇ ಸಲ, ಪಾಠ ಮಾಡಬೇಡ. ಜನ ಓಡಾಡೋ ಜಾಗ, ಅವಳಿಗೂ ಧೈರ್ಯ. ಹೊರಡೋಣ ಅನ್ನಿಸಿದರೆ ನಾಲ್ಕು ದಿಕ್ಕಿಗೂ ಗೇಟಿದೆ.

ಇನ್ನು ಬಟ್ಟೆ. ಗೆಳೆಯನ ಬ್ಲೇಜರ್ ಎರವಲು ತರಬೇಡ. ನಿನ್ನ ಮೈಗೆ ಒಗ್ಗಿರೋ ಹತ್ತಿ ಶರ್ಟು, ಒಗೆದು ಇಸ್ತ್ರಿ ಮಾಡಿದ್ದು ಸಾಕು. ಹೊಸ ಶೂ ಅಂತೂ ಬೇಡವೇ ಬೇಡ. ಹಿಮ್ಮಡಿ ಕಚ್ಚುತ್ತಾ ಇದ್ದರೆ ಅವಳ ಮಾತು ನಿನ್ನ ಕಿವಿಗೆ ಬೀಳಲ್ಲ. ಉಗುರು, ಕಾಲರು ನೋಡಿಕೋ. ಸೆಂಟು ಪಕ್ಕದಲ್ಲಿ ನಡೆಯೋರಿಗೆ ಗೊತ್ತಾದರೆ ಸಾಕು, ಹಿಂದೆ ಬರೋರಿಗೆ ಬೇಡ.

ಒಂದು ಮೊಳ ಮಲ್ಲಿಗೆ ಒಯ್ಯಲಾ ಅಂದೆ. ಬೇಡಪ್ಪ. ನಮ್ಮಲ್ಲಿ ಹುಡುಗಿ ಒಪ್ಪಿಗೆಯಾದ ಮೇಲೆ ಗಂಡಿನ ಕಡೆಯವರು ಹೂ ಮುಡಿಸೋ ಶಾಸ್ತ್ರ ಮಾಡ್ತಾರೆ. ಮೊದಲ ಭೇಟಿಯಲ್ಲೇ ನೀನು ಹೂವು ಚಾಚಿದರೆ ಅವಳು ಮುಡಿಯೋಕೂ ಆಗದೆ ಬಿಡೋಕೂ ಆಗದೆ ಒದ್ದಾಡ್ತಾಳೆ. ಬರಿಗೈಲಿ ಹೋಗು, ಪರವಾಗಿಲ್ಲ.

ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಗೇಟಿನ ಹತ್ತಿರ ನಿಂತಿರು. ನೀವು ಅಂತಲೇ ಮಾತಾಡಿಸು. ಏಕವಚನ ಅವಳೇ ಶುರು ಮಾಡಲಿ. ಫೋನು ಜೇಬಿನಲ್ಲಿರಲಿ. ನಿನ್ನ ಆಫೀಸಿನ ಕಥೆ ಕೇಳಿದರೆ ಎರಡು ಮಾತಲ್ಲಿ ಮುಗಿಸು. ಹೆಣ್ಣು ನೋಡೋಕೆ ಬಂದ ಹಿರಿಯರ ಥರ ಅಡುಗೆ ಬರುತ್ತಾ, ಹಾಡು ಬರುತ್ತಾ ಅಂತ ಶುರು ಹಚ್ಚಬೇಡ. ಕಾಫಿ ಕುಡಿದರೆ ದುಡ್ಡು ಕೊಡೋಕೆ ಮುಂದಾಗು, ಅರ್ಧ ನಂದು ಅಂದರೆ ವಾದ ಮಾಡಬೇಡ. ಕಾಫಿ ತಂದಿಟ್ಟ ಹುಡುಗನನ್ನ ಏಯ್ ಅಂತ ಕರೆದೆಯೋ, ಕೆಟ್ಟೆ. ಹೆಣ್ಣುಮಕ್ಕಳು ಅದನ್ನ ತಪ್ಪದೆ ಗಮನಿಸ್ತಾರೆ. ನಾನೂ ಗಮನಿಸಿದ್ದೆ, ನಿಮ್ಮ ಮಾವ ಪಾಸಾಗಿದ್ದೇ ಅದರಲ್ಲಿ, ಅವರ ಶರ್ಟಂತೂ ದೇವರಿಗೇ ಪ್ರೀತಿ.

ರಾತ್ರಿ, ಮನೆ ತಲುಪಿದ್ರಾ ಅಂತ ಒಂದು ಮೆಸೇಜು ಹಾಕು. ಉತ್ತರ ಬರದಿದ್ದರೆ ಎರಡನೆಯದು ಕಳಿಸಬೇಡ, ಅವಳ ಗೆಳತಿಯರನ್ನ ವಿಚಾರಿಸಬೇಡ. ನನಗೆ ಫೋನ್ ಮಾಡು.