ಛಾಯಾಚಿತ್ರದಲ್ಲಿ ಕಾಫಿ ಹಣ್ಣನ್ನು ಬೇರ್ಪಡಿಸುವ ಕ್ರಮ

ಕಾಯಿಯನ್ನೂ ಸೇರಿಸಿ ಕೊಯ್ದರೆ ಕಾಫಿಯ ರುಚಿ ಕೆಡುವುದು. ತಡಮಾಡಿದರೆ ಹಣ್ಣು ಉದುರುವುದು. ಕೊಯ್ಲಿನ ಕಾಲವನ್ನು ಛಾಯಾಚಿತ್ರದಿಂದ ತಿಳಿಯಬೇಕಾದರೆ, ಕಂಪ್ಯೂಟರು ಹಣ್ಣಿನ ಬಿಂದುಗಳನ್ನು ಮಾತ್ರ ಉಳಿಸಿ ಮಿಕ್ಕುದನ್ನು ಮರೆಮಾಡುವ ಮುಸುಕೊಂದನ್ನು ಮೊದಲು ರಚಿಸತಕ್ಕದ್ದು. ಯಂತ್ರಕ್ಕೆ ಚಿತ್ರವೆಂದರೆ ಅಂಕಿಗಳ ಮಾತೃಕೆ. ಅದನ್ನು ಒಂದು ಅಂಕಿಯೊಡನೆ ಹೋಲಿಸಿದರೆ ಅಷ್ಟೇ ಅಳತೆಯ ಮತ್ತೊಂದು ಮಾತೃಕೆ ದೊರೆಯುವುದು; ಅದರಲ್ಲಿ ಪ್ರತಿ ಬಿಂದುವಿಗೂ ಹೌದು, ಅಲ್ಲ ಎಂಬ ಉತ್ತರವಿರುವುದು.

ಕೆಂಪಿನ ವಿಷಯದಲ್ಲಿ ಎಚ್ಚರ ಬೇಕು. ಓಪನ್‌ಸಿವಿಯ ಎಂಟು ಬಿಟ್ಟಿನ ಚಿತ್ರಗಳಲ್ಲಿ ಬಣ್ಣದ ಅಂಕಿಯು 0 ಯಿಂದ 179 ರವರೆಗೆ ಚಕ್ರದಂತೆ ಸುತ್ತುವುದರಿಂದ, ಕೆಂಪು ಎರಡು ತುದಿಗಳಲ್ಲಿಯೂ ಇರುವುದು. ಸುಮಾರು 10 ಕ್ಕಿಂತ ಕಡಿಮೆ, 170 ಕ್ಕಿಂತ ಹೆಚ್ಚು ಎಂಬ ಎರಡು ಹೋಲಿಕೆಗಳನ್ನು ‘ಮತ್ತು’ ಎಂದು ಕೂಡಿಸಿದರೆ, ಎರಡಕ್ಕೂ ಒಪ್ಪುವ ಬಿಂದುವೇ ಇಲ್ಲದೆ ಮುಸುಕು ಪೂರಾ ಕಪ್ಪಾಗುವುದು. ಗಿಡದ ತುಂಬ ಹಣ್ಣಿದ್ದರೂ ಲೆಕ್ಕ ಸೊನ್ನೆ! ಇಲ್ಲಿ ಸಲ್ಲುವುದು ‘ಅಥವಾ’. ಬೂದು ಕೊಂಬೆಗಳು ನುಸುಳದಂತೆ, ಬಣ್ಣವು ಸಾಕಷ್ಟು ಗಾಢವಾಗಿದೆಯೆ ಎಂಬ ಮೂರನೆಯ ಹೋಲಿಕೆಯನ್ನು ಅನಂತರ ‘ಮತ್ತು’ ಎಂದು ಸೇರಿಸತಕ್ಕದ್ದು.

ಪೈಥಾನಿನ ನಂಪೈಯಲ್ಲಿ ಪ್ರತಿ ಹೋಲಿಕೆಗೂ ಆವರಣಚಿಹ್ನೆ ಅವಶ್ಯಕ. ಎಲ್ಲ ಹೋಲಿಕೆಗಳಲ್ಲಿಯೂ ಅದು ತಪ್ಪಿದರೆ ಯಂತ್ರವು ದೋಷ ತೋರಿ ನಿಲ್ಲುವುದು; ಇದು ಒಳ್ಳೆಯದೇ. ಆದರೆ ‘ಅಥವಾ’ದ ಜೋಡಿಯನ್ನು ಸುತ್ತುವ ಹೊರಾವರಣ ಬಿಟ್ಟುಹೋದರೆ ದೋಷವೇ ಕಾಣದು. ‘ಮತ್ತು’ ಮೊದಲು ಕೆಲಸಮಾಡುವುದರಿಂದ ಗಾಢತೆಯ ಪರೀಕ್ಷೆ ಒಂದೇ ತುದಿಗೆ ತಗಲಿ, ಇನ್ನೊಂದು ತುದಿಯ ಕೊಂಬೆಗಳು ಹಣ್ಣೆನಿಸುವುವು. ಹಳದಿ ಹಣ್ಣು ಬಿಡುವ ತಳಿಗಳಿಗೆ ಮೇಲಿನ ಅಂಕಿಗಳು ಸಲ್ಲವು.